ಸಹಬಾಧ್ಯಳೆಂದು ಕರೆದ ಮೇಲೆ: ಮೇರಿ ರಾಯ್ ಪ್ರಕರಣ ಮತ್ತು ಕ್ರೈಸ್ತ ಮನೆಯ ಪಾಲುಪಟ್ಟಿ

1986ರ ಫೆಬ್ರವರಿ 24ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಹಳೆಯ ತಿರುವಾಂಕೂರು ಸೀಮೆಯ (ಇಂದಿನ ಕೇರಳದ ದಕ್ಷಿಣ ಭಾಗ) ಕ್ರೈಸ್ತ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಉಂಟು ಎಂಬುದು ಅದರ ಸಾರ. ಕಾನೂನು ಓದುವವರಿಗೆ ಇದು ಮೇರಿ ರಾಯ್ ಪ್ರಕರಣವೆಂದು ಗೊತ್ತು. ಮಹಿಳಾ ಹಕ್ಕಿನ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಆದರೆ ವಿಶ್ವಾಸಿಯಾದ ನನ್ನಂಥವನಿಗೆ ಈ ಪ್ರಕರಣ ಕಾಡುವುದು ಇನ್ನೊಂದು ಕಾರಣಕ್ಕೆ. ಪ್ರತಿ ಭಾನುವಾರ ಚರ್ಚಿನ ಒಂದೇ ಪೀಠದ ಮುಂದೆ ನಿಂತು ‘ನಾವು ದೇವರ ಮಕ್ಕಳು, ಕ್ರಿಸ್ತನೊಂದಿಗೆ ಬಾಧ್ಯರು’, ಅಂದರೆ ವಾರಸುದಾರರು, ಎಂದು ಹೇಳಿಕೊಳ್ಳುವ ಅಣ್ಣ ತಂಗಿಯರ ನಡುವೆ, ಅಪ್ಪ ಬಿಟ್ಟುಹೋದ ಮನೆ ತೋಟಗಳನ್ನು ಹಂಚುವ ದಿನ ಆ ಮಾತಿಗೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಪ್ರಕರಣ ನಮ್ಮ ದೇಶದಲ್ಲಿ ಮತ್ತೊಂದಿಲ್ಲ.

ಆತ್ಮಿಕ ಬಾಧ್ಯತೆಯ, ಅಂದರೆ ವಾರಸಿನ, ಬಗ್ಗೆ ನಮ್ಮ ಸಭೆಗಳಲ್ಲಿ (ಚರ್ಚುಗಳಲ್ಲಿ) ಪ್ರಸಂಗಗಳಿಗೆ ಬರವಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಬಾಧ್ಯತೆ ಎಂದರೆ ಮೊದಲಿಗೆ ನೆಲ. ಕುಲಗಳಿಗೆ ಚೀಟು ಹಾಕಿ ಹಂಚಿಕೊಟ್ಟ ಕಾನಾನಿನ ನೆಲ. ದೇವಾಲಯದ ಸೇವೆಗೆ ಮೀಸಲಾದ ಕುಲವಾದ ಲೇವಿಯರಿಗೆ ಮಾತ್ರ ನೆಲವಿಲ್ಲ, ಯೆಹೋವನೇ ಅವರ ಪಾಲು. ಹೊಸ ಒಡಂಬಡಿಕೆಗೆ ಬಂದರೆ ಪೇತ್ರನು ಕೆಡದ, ಬಾಡದ, ಪರಲೋಕದಲ್ಲಿ ಕಾದಿರಿಸಿದ ಬಾಧ್ಯತೆಯ ಮಾತನ್ನಾಡುತ್ತಾನೆ. ಪವಿತ್ರಾತ್ಮನು ಅದಕ್ಕೆ ಸಂಚಕಾರ (ಮುಂಗಡ) ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರ. ಇದೇ ಪೇತ್ರನು ಗಂಡಂದಿರಿಗೆ ಬುದ್ಧಿ ಹೇಳುವಾಗ, ಹೆಂಡತಿಯರು ಜೀವವರಕ್ಕೆ ನಿಮ್ಮ ಜೊತೆಗೇ ಬಾಧ್ಯರು, ಆ ಮಾನವನ್ನು ಅವರಿಗೆ ಸಲ್ಲಿಸಿರಿ, ಇಲ್ಲವಾದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾದೀತು ಎನ್ನುತ್ತಾನೆ. ಈ ಕೊನೆಯ ಎಚ್ಚರಿಕೆಯನ್ನು ಪ್ರಸಂಗಪೀಠದಿಂದ ನಾನು ಕೇಳಿದ್ದು ಬಹಳ ಕಡಿಮೆ. ಮನೆಯ ಹೆಣ್ಣಿಗೆ ಸಲ್ಲಬೇಕಾದುದನ್ನು ಸಲ್ಲಿಸದವನ ಪ್ರಾರ್ಥನೆಗೆ ತಡೆ ಬೀಳುತ್ತದೆ ಎಂಬುದು ಸಣ್ಣ ಮಾತೇ?

ಈ ವಾಕ್ಯಗಳನ್ನು ಓದುವುದರಲ್ಲಿ ತಿರುವಾಂಕೂರಿನ ಸಿರಿಯನ್ ಕ್ರೈಸ್ತರು ಯಾರಿಗೂ ಹಿಂದೆ ಬಿದ್ದವರಲ್ಲ. ತಮ್ಮ ಸಭೆಯನ್ನು ಅಪೊಸ್ತಲ ತೋಮನೇ ಸ್ಥಾಪಿಸಿದನೆಂಬ ಪರಂಪರೆಯನ್ನು ಎದೆಗೊತ್ತಿಕೊಂಡು ಬಂದವರು ಅವರು. ಅವರ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಹೆಣ್ಣುಮಕ್ಕಳು ಗಂಡುಮಕ್ಕಳು ಒಟ್ಟಿಗೇ ಕೂರುತ್ತಿದ್ದರು. ಅದೇ ಮನೆಗಳಿಗೆ ಅನ್ವಯವಾಗುತ್ತಿದ್ದ ಕಾನೂನು ಮಾತ್ರ 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಶಾಸನ. ಅದರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡವನ ಆಸ್ತಿ ಗಂಡುಮಕ್ಕಳಿಗೆ. ಮಗಳಿಗೆ ಇದ್ದದ್ದು ಸ್ತ್ರೀಧನ ಮಾತ್ರ. ಅದೂ ಎಷ್ಟು? ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮದುವೆಯಲ್ಲಿ ಸ್ತ್ರೀಧನ ಕೊಟ್ಟಿದ್ದರೆ, ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ ಸರಿ, ಅಲ್ಲಿಗೆ ಅವಳ ಲೆಕ್ಕ ಮುಗಿಯಿತು. ವಿಧವೆಗೆ ಜೀವಿತಾವಧಿಯ ಅನುಭೋಗದ ಹಕ್ಕಷ್ಟೇ. ಅವಳು ಮರುಮದುವೆಯಾದರೆ ಅದೂ ಹೋಯಿತು. ನೆರೆಯ ಕೊಚ್ಚಿಯಲ್ಲಿ ಬೇರೆಯೇ ಶಾಸನವಿತ್ತು, ಅಲ್ಲಿ ನಾಲ್ಕನೆಯ ಒಂದರ ಬದಲು ಮೂರನೆಯ ಒಂದು ಭಾಗ. ವ್ಯತ್ಯಾಸ ಅಷ್ಟೇ.

ಐದು ಸಾವಿರದ ಮಿತಿಯನ್ನು ಗಮನಿಸಬೇಕು. ಅದು 1916ರಲ್ಲಿ ದೊಡ್ಡ ಹಣ. ಎಪ್ಪತ್ತು ವರ್ಷ ಕಳೆದರೂ ಆ ಅಂಕಿ ಕದಲಲಿಲ್ಲ. ರಬ್ಬರ್ ತೋಟಗಳ ಬೆಲೆ ಏರಿತು, ಕೋಟ್ಟಯಂ ಪೇಟೆಯ ನಿವೇಶನಗಳ ಬೆಲೆ ಏರಿತು. ಮಗಳ ಬೆಲೆ ಮಾತ್ರ ನಿಂತಲ್ಲೇ ನಿಂತಿತು.

ಮೇರಿ ರಾಯ್ ಹುಟ್ಟಿದ್ದು 1933ರಲ್ಲಿ, ಇಂಥದೇ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ. ಮದುವೆಯಾದದ್ದು ಸಮುದಾಯದ ಹೊರಗೆ, ಚಹಾತೋಟದ ಕೆಲಸದಲ್ಲಿದ್ದ ಒಬ್ಬ ಬಂಗಾಳಿಯನ್ನು. ದಾಂಪತ್ಯ ಮುರಿದು, ಇಬ್ಬರು ಚಿಕ್ಕಮಕ್ಕಳನ್ನು ಕಟ್ಟಿಕೊಂಡು ಊಟಿಯಲ್ಲಿದ್ದ ತಂದೆಯ ಮನೆಯಲ್ಲಿ ಆಸರೆ ಪಡೆದರು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಮಗಳಿಗೆ ಹಕ್ಕಿಲ್ಲವೆಂದು ಹೇಳಿ ಅಲ್ಲಿಂದ ಎಬ್ಬಿಸುವ ಪ್ರಯತ್ನ ತವರಿನವರಿಂದಲೇ ನಡೆಯಿತು. ಮುಂದೆ ಅವರು ಕೋಟ್ಟಯಂಗೆ ಬಂದು 1967ರಲ್ಲಿ ಒಂದು ಶಾಲೆ ಆರಂಭಿಸಿದರು. ಅದರ ಕಟ್ಟಡಗಳನ್ನು ರೂಪಿಸಿದವರು ವಾಸ್ತುಶಿಲ್ಪಿ ಲಾರಿ ಬೇಕರ್. ತಮ್ಮ ಕಾಲ ಮೇಲೆ ನಿಂತ ನಂತರವೇ, 1983ರಲ್ಲಿ, ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದ್ದು. ಹಸಿವಿಗೋ ಸೂರಿಗೋ ಹೂಡಿದ ವ್ಯಾಜ್ಯ ಇದಲ್ಲ ಎನ್ನಲು ಈ ವಿವರ ಮುಖ್ಯ. ಅವರು ಸಂವಿಧಾನದ ಸಮಾನತೆಯ ವಿಧಿಗಳನ್ನು ಮುಂದಿಟ್ಟರು, ಬೈಬಲಿನ ವಚನಗಳನ್ನಲ್ಲ. ಇದನ್ನು ಬಾಧ್ಯತೆಯ ಉಪದೇಶದ ಬೆಳಕಿನಲ್ಲಿ ಓದುತ್ತಿರುವವನು ನಾನು. ಅವರ ಬಾಯಿಗೆ ಆ ಮಾತುಗಳನ್ನು ತುರುಕುವ ಉದ್ದೇಶ ನನಗಿಲ್ಲ.

ತೀರ್ಪು ಕುತೂಹಲಕರವಾದ ದಾರಿ ಹಿಡಿಯಿತು. ಹೆಣ್ಣು ಗಂಡೆಂಬ ಭೇದ ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲೇ ಇಲ್ಲ. 1951ರ ಏಪ್ರಿಲ್ 1ರಂದು ಜಾರಿಗೆ ಬಂದ ‘ಬಿ’ ವರ್ಗದ ರಾಜ್ಯಗಳ (ಹಿಂದಿನ ರಾಜಸಂಸ್ಥಾನಗಳಿಂದಾದ ರಾಜ್ಯಗಳ) ಕಾನೂನುಗಳ ಅಧಿನಿಯಮವು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವನ್ನು ತಿರುವಾಂಕೂರು-ಕೊಚ್ಚಿಗೂ ವಿಸ್ತರಿಸಿತ್ತು. ಅಂದೇ ಹಳೆಯ ತಿರುವಾಂಕೂರು ಶಾಸನ ರದ್ದಾಗಿದೆ ಎಂದಿತು ಪೀಠ. ಅಂದರೆ ಮೂವತ್ತೈದು ವರ್ಷಗಳ ಕಾಲ, ಸತ್ತುಹೋಗಿದ್ದ ಕಾನೂನಿನ ಬಲದಿಂದ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಲಾಗಿತ್ತು! ಕೆಳಗಿನ ನ್ಯಾಯಾಲಯಗಳು ಅದಕ್ಕೆ ಒತ್ತು ಕೊಟ್ಟಿದ್ದವು, ಸಮುದಾಯ ಒಪ್ಪಿತ್ತು, ಸಭೆಗಳು ಪ್ರಶ್ನಿಸಿರಲಿಲ್ಲ. 1925ರ ಅಧಿನಿಯಮದ ಲೆಕ್ಕ ಸರಳ. ಉಯಿಲಿಲ್ಲದೆ ತೀರಿಕೊಂಡವನಿಗೆ ಹೆಂಡತಿ ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು, ಉಳಿದ ಮೂರನೆಯ ಎರಡು ಮಕ್ಕಳೆಲ್ಲರಿಗೂ ಸಮಸಮ. ಮಗ, ಮಗಳು ಎಂಬ ಕಲಮು ಅಲ್ಲಿಲ್ಲ.

ತೀರ್ಪು ಬಂದ ಮೇಲೆ ನಡೆದದ್ದೇ ಈ ಪ್ರಕರಣದ ನಿಜವಾದ ಪಾಠವಿರುವ ಭಾಗ. ಸಹಬಾಧ್ಯತೆಯನ್ನು ಸಾರುವ ಸಭೆಗಳು ಅಂದು ಏನು ಮಾಡಬಹುದಿತ್ತು? ತಮ್ಮ ಉಪದೇಶಕ್ಕೆ ಕಾನೂನೂ ಜೊತೆಯಾಯಿತೆಂದು ಸ್ತೋತ್ರ ಹೇಳಬಹುದಿತ್ತು. ಕೇರಳದಲ್ಲಿ ಕೇಳಿಸಿದ್ದು ದೂರಿನ ದನಿ. ಸಂಸಾರಗಳು ಒಡೆಯುತ್ತವೆ, 1951ರಿಂದೀಚಿನ ಪಾಲುಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ, ಆಸ್ತಿಯ ಮೇಲೆ ಸಾಲ ಕೊಟ್ಟ ಬ್ಯಾಂಕುಗಳು ಕಂಗೆಡುತ್ತವೆ ಎಂಬ ಭೀತಿ ಹಬ್ಬಿತು. ಪ್ರಸಂಗಪೀಠಗಳಿಂದಲೂ ತೀರ್ಪಿನ ವಿರುದ್ಧ ಮಾತುಗಳು ಬಂದವು. ಹಿಂದಿನಿಂದ ಅನ್ವಯವಾಗುವುದನ್ನು ತಡೆಯಲು ಮಸೂದೆಗಳ ಪ್ರಯತ್ನ ನಡೆಯಿತು, ಅವು ಕಾನೂನಾಗಲಿಲ್ಲ. ಹೆದರಿದ್ದಂತೆ ಮೊಕದ್ದಮೆಗಳ ಪ್ರವಾಹವೂ ಬರಲಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ ಹೆಚ್ಚಿನ ಹೆಣ್ಣುಮಕ್ಕಳು ಸುಮ್ಮನಿದ್ದರು. ಸ್ವತಃ ಮೇರಿ ರಾಯ್ ಅವರೇ ತಮ್ಮ ಪಾಲನ್ನು ಕೈಗೆ ಪಡೆಯಲು ಕೆಳ ನ್ಯಾಯಾಲಯಗಳಲ್ಲಿ ಮತ್ತೆ ವರ್ಷಗಟ್ಟಲೆ ಅಲೆಯಬೇಕಾಯಿತು. 2022ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡರು.

ಇದೆಲ್ಲದರ ನಡುವೆ ಒಂದು ಉಪಾಯ ಎಲ್ಲರಿಗೂ ಹೊಳೆಯಿತು. ಉಯಿಲು.

ಭಾರತೀಯ ಉತ್ತರಾಧಿಕಾರ ಅಧಿನಿಯಮದಡಿ ಕ್ರೈಸ್ತನೊಬ್ಬ ತನ್ನ ಇಡೀ ಆಸ್ತಿಯನ್ನು ತನಗೆ ಬೇಕಾದವರಿಗೆ ಬರೆದಿಡಬಹುದು. ಇಂತಿಷ್ಟು ಭಾಗ ಮಕ್ಕಳಿಗೆ ಬಿಡಲೇಬೇಕೆಂಬ ಕಟ್ಟಳೆ ಇಲ್ಲ. ಹಾಗಾಗಿ ಸಮಪಾಲಿನ ಕಾನೂನು ಅನ್ವಯವಾಗುವುದು ಏನನ್ನೂ ಬರೆಯದೆ ಸತ್ತವನ ಮನೆಗೆ ಮಾತ್ರ. ಬರೆದು ಸತ್ತವನ ಮನೆಯಲ್ಲಿ ಅವನ ಮನಸ್ಸೇ ಕಾನೂನು. ತೀರ್ಪಿನ ನಂತರ ಎಷ್ಟೋ ತಂದೆಯರು ಎಲ್ಲವನ್ನೂ ಗಂಡುಮಕ್ಕಳ ಹೆಸರಿಗೆ ಬರೆದು ನಿಶ್ಚಿಂತರಾದರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ನಂಬಿಕೆಯ ಪರೀಕ್ಷೆ ನಡೆಯುವ ಜಾಗ ಇದು. ಕಾನೂನು ಬಲವಂತಪಡಿಸಿದಾಗ ಕೊಟ್ಟದ್ದರಿಂದ ಕೊಡುವವನ ಅಂತರಂಗ ಗೊತ್ತಾಗುವುದಿಲ್ಲ. ಪೂರ್ಣ ಸ್ವಾತಂತ್ರ್ಯವಿದ್ದಾಗ, ಮುಂದೆ ಖಾಲಿ ಹಾಳೆ ಇದ್ದಾಗ, ಅವನು ಮಗಳ ಹೆಸರನ್ನು ಎಲ್ಲಿ ಬರೆಯುತ್ತಾನೆ ಎಂಬುದರಲ್ಲಿ ಗೊತ್ತಾಗುತ್ತದೆ. ಇಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ ಕ್ರಿಸ್ತನ ಮರಣವನ್ನು ಮರಣಶಾಸನ ಬರೆದವನ ಮರಣದ ರೀತಿಯಲ್ಲಿ ವಿವರಿಸುತ್ತದೆ. ಬರೆದಾತ ಸತ್ತ ಮೇಲೆಯೇ ಶಾಸನ ಊರ್ಜಿತ. ಆ ಶಾಸನದಲ್ಲಿ ಯೆಹೂದ್ಯನಿಗೆ ಮುಕ್ಕಾಲು, ಗ್ರೀಕನಿಗೆ ಕಾಲು ಎಂದಿಲ್ಲ. ಅದರ ಫಲವನ್ನು ಉಣ್ಣುತ್ತಿರುವವನು ತನ್ನ ಸರದಿ ಬಂದಾಗ ಬರೆಯುವ ಶಾಸನ ಹೇಗಿರಬೇಕು?

ಆಕ್ಷೇಪಗಳಿವೆ, ಅವು ಬಾಲಿಶವಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಲೂಕನ ಹನ್ನೆರಡನೆಯ ಅಧ್ಯಾಯದಿಂದ ಬರುತ್ತದೆ. ‘ಬೋಧಕನೇ, ಪಿತ್ರಾರ್ಜಿತದಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು’ ಎಂದು ಗುಂಪಿನೊಳಗಿಂದ ಒಬ್ಬ ಕೇಳುತ್ತಾನೆ. ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ನೇಮಿಸಿದವರು ಯಾರು ಎಂದು ಯೇಸು ನಿರಾಕರಿಸುತ್ತಾನೆ. ಹಾಗಾದರೆ ಪಾಲು ಕೇಳುವುದು ಲೋಕದ ಬುದ್ಧಿ, ಪರಲೋಕದ ಬಾಧ್ಯತೆಯ ಮೇಲೆ ಕಣ್ಣಿಟ್ಟವಳಿಗೆ ಅದು ತರವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಯೇಸು ಅಲ್ಲಿಗೆ ನಿಲ್ಲಿಸುವುದಿಲ್ಲ. ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಹೇಳಿ, ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಿಕೊಳ್ಳುವ ಐಶ್ವರ್ಯವಂತನ ಸಾಮ್ಯ (ದೃಷ್ಟಾಂತ ಕಥೆ) ಹೇಳುತ್ತಾನೆ. ಆ ಸಾಮ್ಯ ತಟ್ಟುವುದು ಬರಿಗೈಯಲ್ಲಿ ನಿಂತವರಿಗಿಂತ ಹೆಚ್ಚಾಗಿ ಕಣಜ ಹಿಡಿದು ಕೂತವರಿಗೆ. ಸಹೋದರರು ಕೋರ್ಟಿಗೆ ಹೋಗುವುದಕ್ಕಿಂತ ಅನ್ಯಾಯವನ್ನು ಸಹಿಸಬಾರದೇಕೆ ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನೂ ಹೆಣ್ಣುಮಕ್ಕಳ ಮುಂದೆ ಹಿಡಿಯುತ್ತಾರೆ. ಅದು ಆರನೆಯ ಅಧ್ಯಾಯದ ಏಳನೆಯ ವಚನ. ಎಂಟನೆಯ ವಚನದಲ್ಲಿ, ನೀವೇ ಅನ್ಯಾಯ ಮಾಡುತ್ತೀರಿ, ವಂಚಿಸುತ್ತೀರಿ, ಅದೂ ಸಹೋದರರಿಗೆ, ಎಂದಿದೆ. ಏಳನ್ನು ತಂಗಿಗೆ ಓದಿಸಿದವರು ಎಂಟನ್ನು ಅಣ್ಣನಿಗೂ ಓದಿಸಬೇಕು.

ಮದುವೆಗೆ ಕೊಟ್ಟದ್ದೇ ಅವಳ ಪಾಲು ಎಂಬ ಮಾತು ಕರ್ನಾಟಕದಲ್ಲೂ ಎಲ್ಲ ಜಾತಿ ಮತಗಳ ಮನೆಗಳಲ್ಲಿ ಕೇಳುವಂಥದ್ದು. ಕೊಟ್ಟದ್ದು ಯಾರ ಕೈಗೆ ಹೋಯಿತು ಎಂದು ಕೇಳಿದರೆ ವಾದ ಅಲ್ಲಿಗೆ ಸಡಿಲುತ್ತದೆ. ಗಂಡನ ಮನೆಯವರ ಕೈಗೆ ಹೋದ ಹಣ ಅವಳ ಬಾಧ್ಯತೆ ಹೇಗಾದೀತು? ಜಮೀನು ತುಂಡಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ನಾಲ್ವರು ಗಂಡುಮಕ್ಕಳಿದ್ದಾಗಲೂ ಅದು ತುಂಡಾಗುತ್ತದಲ್ಲ.

ಹಳೆಯ ಒಡಂಬಡಿಕೆ ಈ ವಿಷಯದಲ್ಲಿ ನಮ್ಮ ಅನೇಕ ಪ್ರಸಂಗಗಳಿಗಿಂತ ಮುಂದಿದೆ. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ ಮೋಶೆ, ಯಾಜಕ, ಕುಲಾಧಿಪತಿಗಳು, ಇಡೀ ಸಮೂಹದ ಎದುರು ನಿಂತು ನಮಗೂ ಸ್ವಾಸ್ತ್ಯ (ಆಸ್ತಿಯ ಪಾಲು) ಕೊಡಿ ಎಂದು ಕೇಳುತ್ತಾರೆ. ಅವರಿಗೆ ಸಹೋದರರಿರಲಿಲ್ಲ ಎಂಬುದು ನಿಜ, ಆ ನಿಯಮಕ್ಕೆ ಮಿತಿಯೂ ಇತ್ತು. ಆದರೂ ಅವರು ಹೇಳಿದ್ದು ನ್ಯಾಯವೆಂದು ಹೇಳಿದವನು ಯೆಹೋವನೇ. ಮೋಶೆ ಅವರನ್ನು ಆಸೆಬುರುಕಿಯರೆಂದು ಗದರಿಸಲಿಲ್ಲ. ವ್ಯಾಜ್ಯವನ್ನು ನೇರ ದೇವಸನ್ನಿಧಿಗೆ ಒಯ್ದನು. ಯೋಬನ ಗ್ರಂಥದ ಕೊನೆಗೆ ಬಂದರೆ ಅಲ್ಲಿ ಗಂಡುಮಕ್ಕಳೂ ಇದ್ದಾರೆ. ಕಷ್ಟದ ಕುಲುಮೆಯಲ್ಲಿ ಬೆಂದು ಹೊರಬಂದ ಯೋಬನು ಹೆಣ್ಣುಮಕ್ಕಳಿಗೂ ಅವರ ಅಣ್ಣತಮ್ಮಂದಿರ ಜೊತೆ ಸ್ವಾಸ್ತ್ಯ ಕೊಟ್ಟನೆಂದು ಬರೆದಿದೆ. ಎಲ್ಲವನ್ನೂ ಒಮ್ಮೆ ಕಳೆದುಕೊಂಡು ಮರಳಿ ಪಡೆದವನು ಹಾಗೆ ಹಂಚಿದನು ಎಂಬುದು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ.

ಕರ್ನಾಟಕದ ಕ್ರೈಸ್ತರಿಗೂ ಅನ್ವಯವಾಗುವುದು ಅದೇ 1925ರ ಅಧಿನಿಯಮ. ಇಲ್ಲಿನ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಸಿಕ್ಕಿದ್ದು 1994ರ ರಾಜ್ಯ ತಿದ್ದುಪಡಿಯಿಂದ, ದೇಶದಾದ್ಯಂತ 2005ರಲ್ಲಿ. ಕ್ರೈಸ್ತ ಹೆಣ್ಣುಮಕ್ಕಳಿಗೆ ಕಾಗದದ ಮೇಲೆ ಅದಕ್ಕೂ ಮುಂಚಿನಿಂದಲೇ ಸಮಪಾಲಿತ್ತು. ಹೀಗಿರುವಾಗ ನಮ್ಮಲ್ಲಿ ಅನ್ಯಾಯ ನಡೆಯುವುದು ಬೇರೆ ಕಾಗದದ ಮೂಲಕ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ.

ಅದು ನಡೆಯುವ ಬಗೆ ಬಲ್ಲವರಿಗೆ ಗೊತ್ತು. ಸಮಾಧಿಯ ಮಣ್ಣು ಇನ್ನೂ ಹಸಿಯಾಗಿರುವಾಗಲೇ ಪೌತಿ ಖಾತೆಯ ಮಾತು ಏಳುತ್ತದೆ. ವಂಶವೃಕ್ಷದ ಪ್ರಮಾಣಪತ್ರದಲ್ಲಿ ಹೆಣ್ಣುಮಕ್ಕಳ ಹೆಸರು ಇರಲೇಬೇಕಾದ್ದರಿಂದ ಅವರನ್ನು ಕರೆಸುತ್ತಾರೆ. ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಆಧಾರ್ ಕಾರ್ಡ್ ಹಿಡಿದು ಕೂತ ತಂಗಿಗೆ ಪತ್ರ ಬರಹಗಾರ ತ್ವರಿತವಾಗಿ ಒಕ್ಕಣೆ ಓದಿಹೇಳುತ್ತಾನೆ: ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ. ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟರೆ ಆಯಿತು, ಕ್ಯಾಮೆರಾದತ್ತ ನೋಡಿದರೆ ಆಯಿತು. ಹೊರಗೆ ಬಂದ ಮೇಲೆ ಅಣ್ಣ ಹೋಟೆಲಿನಲ್ಲಿ ಊಟ ಕೊಡಿಸುತ್ತಾನೆ, ಒಂದು ಸೀರೆಯೂ ಉಂಟು. ಅವರೆಲ್ಲ ಮುಂದಿನ ಭಾನುವಾರ ಚರ್ಚಿನ ಪ್ರಭುಭೋಜನದಲ್ಲಿ ಒಂದೇ ರೊಟ್ಟಿಯನ್ನು ಮುರಿಯುವವರು. ಒಂದು ಪೈಸೆಯ ಕೆಟ್ಟತನ ಮನಸ್ಸಿನಲ್ಲಿಲ್ಲದ, ಬಡವರ ಮನೆಗೆ ಅಕ್ಕಿ ಹೊತ್ತು ಹೋಗುವ ಅಣ್ಣಂದಿರೂ ಇದರಲ್ಲಿ ಇರುತ್ತಾರೆ. ಇದು ಪಾಪವೆಂದು ಅವರಿಗೆ ಯಾರೂ ಹೇಳಿಲ್ಲ.

ಸ್ವಂತ ಇಚ್ಛೆಯಿಂದ ಪಾಲು ಬಿಟ್ಟುಕೊಡುವ ಅಕ್ಕತಂಗಿಯರಿಲ್ಲವೇ? ಇದ್ದಾರೆ, ಅದು ದೊಡ್ಡ ಮನಸ್ಸು. ಕಷ್ಟದಲ್ಲಿರುವ ತಮ್ಮನಿಗಾಗಿ ಒಬ್ಬಳು ತನ್ನದನ್ನು ಬಿಡುವುದರಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಕ್ರಿಸ್ತನ ಮನಸ್ಸು ಇದೆ. ಆದರೆ ಆ ಅಧ್ಯಾಯದ ಕ್ರಿಸ್ತನು ತನ್ನದಾಗಿದ್ದುದನ್ನು ಬಿಟ್ಟು ಬರಿದಾದನು. ಯಾರಿಗೆ ಏನನ್ನೂ ತನ್ನದೆನ್ನಲು ಬಿಟ್ಟಿಲ್ಲವೋ ಅವಳ ಸಹಿಯನ್ನು ತ್ಯಾಗವೆಂದು ಹಾಡಿ ಹೊಗಳುವುದು ಆ ಅಧ್ಯಾಯಕ್ಕೆ ಮಾಡುವ ಅವಮಾನ. ಆದ್ದರಿಂದ ಕ್ರಮ ಬದಲಾಗಬೇಕು. ಮೊದಲು ವಿಭಾಗ ಪತ್ರವಾಗಲಿ, ಅವಳ ಪಾಲು ಅವಳ ಹೆಸರಿಗೆ ಬರಲಿ, ಪಹಣಿಯಲ್ಲಿ ಹೆಸರು ಏರಲಿ. ಆಮೇಲೆ ಅವಳಿಗೆ ಮನಸ್ಸಾದರೆ ದಾನಪತ್ರದ ಮೂಲಕ ತಮ್ಮನಿಗೆ ಕೊಡಲಿ. ಎರಡು ಸಲ ನೋಂದಣಿಯ ಖರ್ಚು ಬೀಳುತ್ತದೆ, ಒಪ್ಪುತ್ತೇನೆ. ಒಬ್ಬಳನ್ನು ಬಾಧ್ಯಳೆಂದು ಒಪ್ಪಿಕೊಳ್ಳುವುದಕ್ಕೆ ಅಷ್ಟು ಖರ್ಚು ಮಾಡಬಹುದು.

ಇನ್ನೊಂದು ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧಾರ್ಮಿಕ ಕಾರ್ಯಗಳಿಗೆ ಆಸ್ತಿ ಬರೆದಿಡುವುದಕ್ಕೆ ಇದೇ ಅಧಿನಿಯಮದ 118ನೆಯ ಕಲಮು ಅಡ್ಡಿಗಳನ್ನು ಒಡ್ಡಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಅದನ್ನು ಪ್ರಶ್ನಿಸಿದರು. 2003ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಸಮಾನತೆಗೆ ವಿರುದ್ಧವೆಂದು ತೆಗೆದುಹಾಕಿತು. ನ್ಯಾಯವಾದ ತೀರ್ಪು. ಧರ್ಮಕಾರ್ಯಕ್ಕೆ ಬರುವ ದಾನಕ್ಕೆ ಸಂವಿಧಾನದ ಸಮಾನತೆ ಬೇಕೆಂದು ಕೇಳುವುದು ಸರಿಯಾದರೆ, ಸಭೆಯ ಮಗಳಿಗೆ ಬರುವ ಪಾಲಿಗೂ ಅದೇ ಸಮಾನತೆ ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳುವ ಹೊಣೆ ಸಭೆಯ ಮೇಲಿದೆ. ಕೆಲಸ ಬಾಕಿಯೂ ಇದೆ. ಮಕ್ಕಳಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ವಿಧವೆಯ ಪಾಲು ಕಳೆದು ಉಳಿದದ್ದು, ತಂದೆ ಬದುಕಿದ್ದರೆ, ಪೂರ್ತಿ ತಂದೆಗೇ ಸೇರಬೇಕೆನ್ನುತ್ತದೆ ಅಧಿನಿಯಮ. ಹೆತ್ತ ತಾಯಿಗೆ ಏನೂ ಇಲ್ಲ. ಇಂಥ ಕಲಮುಗಳನ್ನು ತಿದ್ದಬೇಕೆಂದು ಕಾನೂನು ಆಯೋಗ 2014ರ ತನ್ನ 247ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಆ ವರದಿಯ ಬಗ್ಗೆ ನಮ್ಮ ಸಭೆಗಳ ಮಹಿಳಾ ಕೂಟಗಳಲ್ಲಿ ಒಂದು ಚರ್ಚೆಯಾದರೂ ನಡೆಯಬೇಕು.

ಸದ್ಯಕ್ಕೆ, ಮನೆಯ ಯಜಮಾನನೋ ಯಜಮಾನಿಯೋ ಇಂದೇ ಮಾಡಬಹುದಾದದ್ದು ಉಯಿಲು ಬರೆಯುವುದು. ಅನ್ಯಾಯಕ್ಕೆ ಒದಗಿಬಂದ ಸಾಧನವೇ ನ್ಯಾಯಕ್ಕೂ ಒದಗುತ್ತದೆ. ಸಾಮಾನ್ಯ ಉಯಿಲಿಗೆ ಸ್ಟ್ಯಾಂಪ್ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗೋ ಸಾಕ್ಷಿಯ ಸಂಗಾತಿಗೋ ಅದೇ ಉಯಿಲಿನಲ್ಲಿ ಏನನ್ನಾದರೂ ಬರೆದಿದ್ದರೆ ಆ ಭಾಗ ಊರ್ಜಿತವಾಗುವುದಿಲ್ಲ. ಹಾಗಾಗಿ ಮಗನನ್ನಾಗಲಿ ಅಳಿಯನನ್ನಾಗಲಿ ಸಾಕ್ಷಿ ಮಾಡಬಾರದು, ಸಭಾಪಾಲಕರನ್ನೋ ನೆರೆಯವರನ್ನೋ ಕರೆಯಬೇಕು. ಬರೆದ ಮೇಲೆ ಮದುವೆಯಾದರೆ ಹಿಂದಿನ ಉಯಿಲು ರದ್ದಾಗುತ್ತದೆ, ವಿಧುರರು ವಿಧವೆಯರು ಇದನ್ನು ನೆನಪಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳೆಲ್ಲ ಕ್ರಿಸ್‌ಮಸ್‌ಗೆ ಮನೆಗೆ ಬಂದಾಗ, ಅಪ್ಪ ಅಮ್ಮ ಬದುಕಿರುವಾಗಲೇ, ಎಲ್ಲರ ಎದುರು ಅದನ್ನು ಓದಿ ಹೇಳಬೇಕು. ಸೊಸೆಯಂದಿರೂ ಅಳಿಯಂದಿರೂ ಕೇಳಿಸಿಕೊಳ್ಳಲಿ. ಯಾರಿಗಾದರೂ ಅಸಮಾಧಾನವಿದ್ದರೆ ಅದನ್ನು ಬರೆದವರ ಮುಂದೆಯೇ ಆಡಲಿ.